ಅನುದಿನದ ಅಗತ್ಯಕ್ಕೆ ದೇವರನ್ನು ನಂಬುವುದನ್ನು ರೂಢಿಸಿಕೊಳ್ಳುವ ಬಗೆ

ದೇವರು ಒದಗಿಸುತ್ತಾನೆ ಎಂದು ಹೇಳುವುದು ಸುಲಭ. ಕಟ್ಟಬೇಕಾದ ಬಿಲ್ಲು ಮೇಜಿನ ಮೇಲಿರುವಾಗ ಅದೇ ಮಾತನ್ನು ನಂಬಿ ನಿದ್ದೆಮಾಡುವುದು ಕಷ್ಟ. ಸೆರೆಯಲ್ಲಿದ್ದುಕೊಂಡು ಫಿಲಿಪ್ಪಿ ಪಟ್ಟಣದ ಸಭೆಯವರಿಗೆ ಪತ್ರ ಬರೆದ ಪೌಲನು, ಕ್ರಿಸ್ತನ ಸುವಾರ್ತೆ ಸಾರಲು ಕಳುಹಿಸಲ್ಪಟ್ಟ ಅಪೊಸ್ತಲನು, ಇದ್ದ ಸ್ಥಿತಿಯಲ್ಲಿ ಸಂತೃಪ್ತನಾಗಿರುವುದನ್ನು ತಾನು ಕಲಿತುಕೊಂಡಿದ್ದೇನೆ ಎನ್ನುತ್ತಾನೆ. ಅಪೊಸ್ತಲನೇ ಕಲಿಯಬೇಕಾಗಿದ್ದ ವಿಷಯವನ್ನು ನಾವೂ ದಿನದಿನದ ಅಭ್ಯಾಸದಿಂದಲೇ ಕಲಿಯಬೇಕು.

ಮೊದಲು ಅಳತೆಯನ್ನು ಸರಿಪಡಿಸಿಕೊಳ್ಳಿ. ಬೈಬಲಿನ ವಿಮೋಚನಕಾಂಡದ 16ನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರು ತಲೆಗೆ ಒಂದು ಓಮೆರಿನಂತೆ (ಓಮೆರ್ ಎಂದರೆ ಅಂದಿನ ಒಂದು ಅಳತೆ) ಆಯಾ ದಿನದ ಮನ್ನವನ್ನು, ಅಂದರೆ ಅರಣ್ಯದಲ್ಲಿ ದೇವರು ಆಕಾಶದಿಂದ ಸುರಿಸಿದ ಆಹಾರವನ್ನು, ಕೂಡಿಸಿಕೊಳ್ಳಬೇಕಾಗಿತ್ತು. ಮಾತು ಮೀರಿ ಮರುದಿನಕ್ಕೆ ಉಳಿಸಿಕೊಂಡದ್ದು ಹುಳಬಿದ್ದು ನಾರಿತು. ಆರನೆಯ ದಿನ ಎರಡರಷ್ಟು ಕೂಡಿಸಿ ಸಬ್ಬತ್ತಿಗೆ, ಅಂದರೆ ಏಳನೆಯ ವಿಶ್ರಾಂತಿ ದಿನಕ್ಕೆ, ಇಟ್ಟದ್ದು ಮಾತ್ರ ಕೆಡಲಿಲ್ಲ, ಏಕೆಂದರೆ ಹಾಗೆ ಮಾಡಲು ದೇವರೇ ಹೇಳಿದ್ದನು. ಆದ್ದರಿಂದ ಮುಂದಾಲೋಚನೆಯಿಂದ ಉಳಿತಾಯ ಮಾಡುವುದನ್ನು ಅಪನಂಬಿಕೆಯೆಂದು ಭಾವಿಸಬೇಕಾಗಿಲ್ಲ. ಬೆಳಿಗ್ಗೆ ಒಂದು ಹಾಳೆಯಲ್ಲಿ ಇಂದಿನ ಅಗತ್ಯಗಳನ್ನಷ್ಟೇ ಬರೆದು ಪ್ರಾರ್ಥಿಸಿ. ನಾಳೆಯ ಚಿಂತೆ ನುಗ್ಗಿ ಬಂದರೆ ಹಾಳೆಯ ಹಿಂಬದಿಯಲ್ಲಿ ಬರೆದಿಡಿ. ಅದಕ್ಕಾಗಿ ಇಂದೇ ಮಾಡಬಹುದಾದ ಕೆಲಸವಿದ್ದರೆ, ಒಂದು ಅರ್ಜಿಯೋ ಒಂದು ಫೋನ್ ಕರೆಯೋ, ಅದನ್ನು ಮುಗಿಸಿ ಉಳಿದದ್ದನ್ನು ಆತನ ಕೈಗೆ ಬಿಡಿ.

ಮುಂದಿನದು ಒಂದು ನೋಟ್‌ಬುಕ್. ನನ್ನ ಅನುಭವದಲ್ಲಿ ಇದಕ್ಕಿಂತ ಉಪಯುಕ್ತವಾದ ಸಾಧನ ಮತ್ತೊಂದಿಲ್ಲ. ಎಡಗಡೆ ಬೇಡಿಕೆಯನ್ನು ದಿನಾಂಕ ಸಹಿತ ಬರೆಯಿರಿ, ಬಲಗಡೆ ಖಾಲಿ ಬಿಡಿ. ‘ನಮ್ಮ ಮನೆಯನ್ನು ಆಶೀರ್ವದಿಸು’ ಎಂದಷ್ಟೇ ಬರೆದರೆ ಉತ್ತರ ಬಂದಾಗ ಗುರುತು ಸಿಗುವುದಿಲ್ಲ. ‘ಶುಕ್ರವಾರದೊಳಗೆ ಮಗಳ ಪರೀಕ್ಷಾ ಶುಲ್ಕ’ ಎಂದು ಬರೆದರೆ, ಶುಲ್ಕ ಸಿಕ್ಕಿದ್ದನ್ನೋ ಗಡುವು ಮುಂದೆ ಹೋದದ್ದನ್ನೋ ಎದುರಿನಲ್ಲಿ ದಾಖಲಿಸಬಹುದು. 1836ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅನಾಥಾಲಯವನ್ನು ಆರಂಭಿಸಿದ ಜಾರ್ಜ್ ಮುಲ್ಲರ್ ಅವರು ಮನುಷ್ಯರ ಮುಂದೆ ಕೈಚಾಚದೆ ದೇವರಲ್ಲಿಯೇ ಕೇಳುವ ನಿಯಮವನ್ನು ಪಾಲಿಸಿದರು; ಹಾಗೆ ನಂಬಿದವರೇ ಬಂದ ಕಾಣಿಕೆಗಳ ಲೆಕ್ಕವನ್ನು ಅಷ್ಟೇ ಕಟ್ಟುನಿಟ್ಟಾಗಿ ಇಟ್ಟರು. ಕೆಲವು ಸಾಲುಗಳ ಬಲಬದಿ ಖಾಲಿಯಾಗಿಯೇ ಉಳಿಯುತ್ತದೆ. ನನ್ನ ಪುಸ್ತಕದಲ್ಲಿಯೂ ಅಂಥ ಸಾಲೊಂದಿದೆ. ಅದನ್ನು ನಾನು ಹೊಡೆದುಹಾಕಿಲ್ಲ, ಏನನ್ನಾದರೂ ಬರೆದು ತುಂಬಿಸಿಯೂ ಇಲ್ಲ.

ಹೊಸ ಬೇಡಿಕೆಯನ್ನು ಬರೆಯುವ ಮೊದಲು ಬಲಗಡೆಯ ಹಳೆಯ ಸಾಲೊಂದನ್ನು ಗಟ್ಟಿಯಾಗಿ ಓದಿ ಸ್ತೋತ್ರ ಹೇಳಿ. ಬೇಡಿಕೆಯೂ ಕೃತಜ್ಞತಾಸ್ತುತಿಯೂ ಜೊತೆಯಾಗಿರಲಿ ಎಂದು ಫಿಲಿಪ್ಪಿ 4:6 ಕಲಿಸುತ್ತದೆ. ಸಹಾಯ ಮನುಷ್ಯರ ಮೂಲಕ ಬಂದಿದ್ದರೆ ಆ ವ್ಯಕ್ತಿಗೂ ಅಂದೇ ಧನ್ಯವಾದ ಹೇಳಿ. ಲೂಕನ ಸುವಾರ್ತೆಯಲ್ಲಿ ಗುಣಹೊಂದಿದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ತಿರುಗಿ ಬಂದವನು ಒಬ್ಬನೇ, ಅವನೂ ಯೆಹೂದ್ಯರು ಹೊರಗಿನವನೆಂದು ಕಾಣುತ್ತಿದ್ದ ಸಮಾರ್ಯದವನು.

ದುಃಖದ ದಿನಗಳಲ್ಲಿ ಕೃತಜ್ಞತೆಯನ್ನು ಬಲವಂತದಿಂದ ಹೊರಡಿಸಬೇಡಿ, ದುಃಖದಲ್ಲಿರುವ ಇತರರಿಗಂತೂ ಅದನ್ನು ಉಪದೇಶಿಸಲೇಬೇಡಿ. 13ನೆಯ ಕೀರ್ತನೆ ‘ಇನ್ನೆಷ್ಟರವರೆಗೆ’ ಎಂಬ ಗೋಳಿನಿಂದ ಆರಂಭವಾಗಿ, ದೇವರ ಉಪಕಾರವನ್ನು ನೆನೆದು ಹಾಡುವುದರಲ್ಲಿ ಮುಗಿಯುತ್ತದೆ. ಮೊದಲ ವಚನಗಳನ್ನು ದಾಟಿ ಕೊನೆಯ ವಚನಕ್ಕೆ ಬರಲು ನಿಮಗೆ ವಾರಗಳೇ ಹಿಡಿದರೂ ಪ್ರತಿದಿನ ಅದನ್ನೇ ಓದುತ್ತಿರಿ.

ನಂಬಿಕೆಯೆಂದರೆ ಕೈಕಟ್ಟಿ ಕೂರುವುದಲ್ಲ, ಅಗತ್ಯವನ್ನು ಮುಚ್ಚಿಡುವುದೂ ಅಲ್ಲ. ಬರಗಾಲದಲ್ಲಿ ಪ್ರವಾದಿ ಎಲೀಯನನ್ನು ದೇವರು ಕಳುಹಿಸಿದ್ದು ಮಡಕೆಯಲ್ಲಿ ಒಂದು ಹಿಡಿ ಹಿಟ್ಟಷ್ಟೇ ಉಳಿದಿದ್ದ ವಿಧವೆಯ ಮನೆಗೆ; ಅವನು ಬಾಯಿಬಿಟ್ಟು ರೊಟ್ಟಿ ಕೇಳಿದನು. ಸಭೆಯಲ್ಲಿ ನಂಬಿಗಸ್ತರಾದ ಒಬ್ಬರಿಗೆ ನಿಮ್ಮ ಕೊರತೆಯನ್ನು ಸಂಕೋಚವಿಲ್ಲದೆ ತಿಳಿಸಿ. ನೋಟ್‌ಬುಕ್ಕಿನ ಕೊನೆಯ ಪುಟಗಳನ್ನು ಇತರರ ಅಗತ್ಯಗಳಿಗೆಂದು ಮೀಸಲಿಡಿ, ಮತ್ತು ವಾರಕ್ಕೊಮ್ಮೆ ಆ ಪುಟವನ್ನು ತೆರೆದು, ಅಲ್ಲಿ ಬರೆದಿರುವುದರಲ್ಲಿ ಯಾವುದು ಈಗಾಗಲೇ ನಿಮ್ಮ ಮನೆಯಲ್ಲಿದೆಯೆಂದು ನೋಡಿ.