ಮೆಣಸು ಬೆರೆತ ವೆನಿಲ್ಲಾ ಸೆಂಟನ್ನು ಮೈಗೆ ಹಚ್ಚಿಕೊಳ್ಳುವ ಬಗೆ

ಮುಚ್ಚಳ ತೆಗೆದು ಒಮ್ಮೆ ಮೂಸಿ, "ಇದು ಬರೀ ಕರಿಮೆಣಸು" ಎಂದು ಪಕ್ಕಕ್ಕಿಡಬೇಡಿ. ನನ್ನ ತಂಗಿ ಹಾಗೇ ಮಾಡಿದಳು. ಯಾರೋ ಮನೆಯಲ್ಲೇ ಕೈಯಾರೆ ಕಲಸಿ, ಸ್ವಲ್ಪ ಸ್ವಲ್ಪವೇ ತಯಾರಿಸಿದ ಆ ಸೆಂಟನ್ನು ಬೇಡವೆಂದು ನನಗೆ ಕೊಟ್ಟುಹೋದಳು. ನಾನು ಅದನ್ನು ಬಿಡಲಿಲ್ಲ, ಯಾಕೆಂದರೆ ವೆನಿಲ್ಲಾ ಎಷ್ಟು ತಡವಾಗಿ ಬಾಯಿ ಬಿಡುತ್ತದೆಂದು ನನಗೆ ಗೊತ್ತು.

2003ರ ಹೊತ್ತಿಗೆ ವೆನಿಲ್ಲಾಕ್ಕೆ ಭಾರೀ ಬೆಲೆ ಬಂದಾಗ, ಸೋಮವಾರಪೇಟೆ ಕಡೆಯ ನಮ್ಮ ಕಾಫಿ ತೋಟದಲ್ಲೂ ಬಳ್ಳಿ ಹಬ್ಬಿಸಿದ್ದೆವು. ಹೂವಿಗೆ ಒಂದೇ ದಿನದ ಆಯುಸ್ಸು. ಬೆಳಿಗ್ಗೆಯೇ ಹೋಗಿ ಸಣ್ಣ ಕಡ್ಡಿಯಿಂದ ಒಂದೊಂದಕ್ಕೂ ಪರಾಗ ಮುಟ್ಟಿಸಬೇಕು. ಈ ಕೈಚಳಕವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಕಂಡುಹಿಡಿದವನು ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಗುಲಾಮ ಹುಡುಗ. ಕಡ್ಡಿ ಹಿಡಿದಾಗಲೆಲ್ಲ ನನಗೆ ಅವನ ನೆನಪು. ಕಾಯಿ ಬಲಿಯಲು ಸುಮಾರು ಒಂಬತ್ತು ತಿಂಗಳು ಬೇಕು. ಕೊಯ್ದ ಹಸಿ ಕಾಯಿಯನ್ನು ಮೂಸಿದರೆ ವೆನಿಲ್ಲಾದ ಸುಳಿವೇ ಇಲ್ಲ! 63 ಡಿಗ್ರಿಯ ಬಿಸಿನೀರಲ್ಲಿ ಮೂರು ನಿಮಿಷ ಅದ್ದಿ, ಕಂಬಳಿ ಸುತ್ತಿ ಬೆವರಿಸಿ, ದಿನವೂ ಸ್ವಲ್ಪ ಹೊತ್ತು ಬಿಸಿಲು ತೋರಿಸಿ, ನೆರಳಲ್ಲಿ ಒಣಗಿಸಿ, ಆಮೇಲೆ ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿಟ್ಟ ಮೇಲೇ ಆ ಘಮ. ಮುಂದೆ ಬೆಲೆ ಬಿತ್ತು, ಬಳ್ಳಿ ಹೋಯಿತು. ಕಾಯುವ ಅಭ್ಯಾಸ ಉಳಿಯಿತು.

ಮೈಮೇಲೂ ಹಾಗೆಯೇ. ಮೆಣಸು, ಏಲಕ್ಕಿಯ ಅಂಶ ಹಗುರ, ಬೇಗ ಹಾರಿಹೋಗುತ್ತದೆ. ಲವಂಗ, ಚಕ್ಕೆ ಇನ್ನೊಂದಿಷ್ಟು ಹೊತ್ತು ನಿಲ್ಲುತ್ತವೆ. ವೆನಿಲ್ಲಾ ಭಾರ, ತಳದಲ್ಲಿ ಕೂತಿರುತ್ತದೆ. ನನ್ನ ಸೀಸೆಯದ್ದು ಮೊದಲ ಹತ್ತು ನಿಮಿಷ ಮೂಗು ಚುರುಗುಟ್ಟಿಸುತ್ತದೆ, ಅರ್ಧ ಗಂಟೆಗೆ ಏಲಕ್ಕಿ ಒಣಗಿಸುವ ಕೋಣೆಯ ಬಾಗಿಲು ತೆರೆದಂತೆ. ಎರಡು ಗಂಟೆ ಕಳೆದ ಮೇಲೆ ನಮ್ಮ ಹಳೆಯ ಪೆಟ್ಟಿಗೆಯ ಒಳಗಿನ ವಾಸನೆ: ಸಿಹಿ, ಆದರೆ ಐಸ್‌ಕ್ರೀಮಿನ ಸಿಹಿಯಲ್ಲ. ಒಣದ್ರಾಕ್ಷಿ, ಹಳೆ ಮರ, ಚೂರು ಹೊಗೆ. ಆ ಹೊತ್ತಿಗೆ ಇಷ್ಟವೋ ಅಲ್ಲವೋ ತೀರ್ಮಾನಿಸಿ.

ಮೊದಲ ಸಲವಾದರೆ ಮೊಣಕೈಯ ಒಳಮಡಿಕೆಗೆ ಚೂರೇ ಹಚ್ಚಿ ಒಂದು ದಿನ ನೋಡಿ. ಲವಂಗ, ಚಕ್ಕೆಯ ಎಣ್ಣೆ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಕೆಂಪಗೆ ತುರಿಕೆ ಏಳುತ್ತದೆ. ಆಗದಿದ್ದರೆ ಖಂಡಿತ ಬಿಟ್ಟುಬಿಡಿ. ಒಗ್ಗಿದರೆ ಸ್ನಾನವಾಗಿ ಮೈ ಒರೆಸಿದ ಕೂಡಲೇ ಹಚ್ಚಿ. ಡಿಸೆಂಬರಿನ ಚಳಿಗೆ ಚರ್ಮ ಒಡೆದಿದ್ದರೆ ಮೊದಲು ಒಂದು ಹನಿ ಕೊಬ್ಬರಿ ಎಣ್ಣೆ ಸವರಿಕೊಳ್ಳಿ, ಒಣ ಚರ್ಮದಲ್ಲಿ ಸೆಂಟು ನಿಲ್ಲುವುದಿಲ್ಲ. ಕತ್ತಿನ ಬುಡಕ್ಕೆ ಒಂದು, ಎದೆಗೆ ಒಂದು, ಎರಡೇ ಸಲ ಒತ್ತಿದರೆ ಸಾಕು. ಸ್ವೆಟರಿನ ಒಳಗಿನ ಬಿಸಿ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಹಚ್ಚಿದ ಜಾಗವನ್ನು ಉಜ್ಜಬೇಡಿ, ಹಾಗೇ ಆರಲಿ. ಒಲೆಯ ಹತ್ತಿರ ನಿಂತು ಮಾತ್ರ ಹಚ್ಚಬೇಡಿ, ಅದರಲ್ಲಿರುವುದು ಆಲ್ಕೋಹಾಲ್.

ಬಟ್ಟೆಯ ವಿಷಯದಲ್ಲಿ ನನಗೆ ನಷ್ಟವಾಗಿದೆ. ವೆನಿಲ್ಲಾದ ಸತ್ವ ದಿನಕಳೆದಂತೆ ಕಂದು ತಿರುಗುತ್ತದೆ. ಬಿಳಿ ರೇಷ್ಮೆ ರವಿಕೆಯ ಕತ್ತಿನಲ್ಲಿ ಚಹಾ ಚೆಲ್ಲಿದಂಥ ಕಲೆ ಕೂತದ್ದು ಇನ್ನೂ ಹೋಗಿಲ್ಲ. ಸೀರೆ ಉಡುವುದಿದ್ದರೆ ಮೊದಲೇ ಹಚ್ಚಿ, ಪೂರ್ತಿ ಆರಿದ ಮೇಲೆ ಉಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದು, ಬಾಗಿಲು ಮುಚ್ಚಿದ ಕೋಣೆಯಲ್ಲಿ ನಾಲ್ಕು ಜನ ಕೂತಿರುವಾಗ ಒಂದೇ ಒತ್ತು ಸಾಕು. ಹೂಮಳೆ ಬಿದ್ದು ಕಾಫಿ ಹೂ ಅರಳಿದ ದಿನಗಳಲ್ಲಿ ತೋಟಕ್ಕೆ ಹೋಗುವಾಗ ನಾನು ಹಚ್ಚುವುದೇ ಇಲ್ಲ. ಹೆಜ್ಜೇನು ಓಡಾಡುವ ಜಾಗದಲ್ಲಿ ಗಾಢ ಪರಿಮಳ ಬೇಡ. ಆ ದಿನಗಳಲ್ಲಿ ಮಲ್ಲಿಗೆಯಂಥ ಆ ಹೂವಿನ ಘಮಕ್ಕಿಂತ ಬೇರೇನೂ ನನಗೆ ಬೇಕಾಗಿಯೂ ಇಲ್ಲ. ಈ ಸೆಂಟಿಗೆ ಹೇಳಿ ಮಾಡಿಸಿದ್ದು ನಮ್ಮ ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ರಾತ್ರಿ. ಕದಿರು ತೆಗೆಯಲು ಗದ್ದೆಗೆ ಇಳಿಯುವ ಎರಡು ಗಂಟೆ ಮೊದಲು ಹಚ್ಚಿಕೊಂಡರೆ, ಬೆಳದಿಂಗಳ ಚಳಿಯಲ್ಲಿ ನಿಂತಾಗ ಶಾಲಿನೊಳಗಿಂದ ವೆನಿಲ್ಲಾ ಮೆಲ್ಲಗೆ ಏಳುತ್ತದೆ.

ಸೀಸೆಯನ್ನು ಬಚ್ಚಲಿನ ಗೂಡಿನಲ್ಲಿಡಬೇಡಿ, ಹಂಡೆಯ ಹಬೆಗೆ ಕೆಡುತ್ತದೆ. ಬಟ್ಟೆಯ ಬೀರುವಿನ ಕತ್ತಲಲ್ಲಿಡಿ. ಕಾಲ ಕಳೆದಂತೆ ಬಣ್ಣ ಗಾಢವಾದರೆ ಕೆಟ್ಟಿತೆಂದು ಎಸೆಯಬೇಡಿ, ಅದು ವೆನಿಲ್ಲಾದ ಗುಣ. ತಂಗಿ ಕೊಟ್ಟಾಗ ಜೇನಿನ ಬಣ್ಣಕ್ಕಿದ್ದದ್ದು ಈಗ ಕಾಫಿ ಡಿಕಾಕ್ಷನ್ನಿನಷ್ಟು ಕಪ್ಪಾಗಿದೆ.