ತಣ್ಣಗಿರುವ ಹಳೆಯ ಡೀಸೆಲ್ ಎಂಜಿನ್ ಒದರುತ್ತ ಸ್ಟಾರ್ಟ್ ಆಗುತ್ತಿದ್ದರೆ ದೋಷ ಹುಡುಕುವ ಕ್ರಮ

ರಾತ್ರಿಯಿಡೀ ನಿಂತಿದ್ದ ಹಳೆಯ ಡೀಸೆಲ್ ಎಂಜಿನ್ ಬೆಳಿಗ್ಗೆ ಒದರುತ್ತ, ಮಿಸ್ಸಿಂಗ್ ಹೊಡೆಯುತ್ತ ಸ್ಟಾರ್ಟ್ ಆಗಿ, ಸ್ವಲ್ಪ ಹೊತ್ತಿನ ನಂತರ ತಾನಾಗಿಯೇ ಸರಿಹೋಗುತ್ತಿದ್ದರೆ, ಆ ದೋಷವನ್ನು ಕಣ್ಣಾರೆ ನೋಡಲು ದಿನಕ್ಕೆ ಒಂದೇ ಅವಕಾಶ ಸಿಗುತ್ತದೆ. ಒಮ್ಮೆ ಬಿಸಿಯಾದ ಎಂಜಿನ್ ಪೂರ್ತಿ ತಣ್ಣಗಾಗಲು ಹಲವು ಗಂಟೆಗಳು ಬೇಕು. ಆದ್ದರಿಂದ ಮರುದಿನ ಏನನ್ನು ಗಮನಿಸಬೇಕು, ಯಾವುದನ್ನು ಅಳೆಯಬೇಕು ಎಂಬುದನ್ನು ಹಿಂದಿನ ದಿನವೇ ನಿರ್ಧರಿಸಿಕೊಳ್ಳಬೇಕು. ಬಿಡಿಭಾಗಗಳನ್ನು ಕೊಳ್ಳುವುದು ಆಮೇಲಿನ ಮಾತು.

ಮೊದಲು ನೋಡಬೇಕಾದುದು ಹೊಗೆಯನ್ನು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇರುವುದಿಲ್ಲ. ಒತ್ತಲ್ಪಟ್ಟ ಗಾಳಿಯ ಬಿಸಿಗೇ ಇಂಧನ ಹೊತ್ತಿಕೊಳ್ಳಬೇಕು. ಸ್ಟಾರ್ಟರ್ ತಿರುಗುವಾಗ ಕಣ್ಣುರಿಸುವ ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಸಿಲಿಂಡರಿಗೆ ತಲುಪುತ್ತಿದೆ, ಆದರೆ ಉರಿಯುತ್ತಿಲ್ಲ ಎಂದರ್ಥ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಿಲ್ಲ. ಮೊದಲನೆಯದಾದರೆ ಬಿಸಿಯ ಕಡೆಗೆ, ಎರಡನೆಯದಾದರೆ ಇಂಧನದ ಕಡೆಗೆ ಹುಡುಕಾಟ ತಿರುಗಬೇಕು. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದೆ, ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಅದು ಹೆಡ್ ಗ್ಯಾಸ್ಕೆಟ್ಟಿನ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲ್) ವಿಷಯ, ಇಲ್ಲಿನದಲ್ಲ.

ಹೊಗೆ ನೋಡಿಯಾದ ಮೇಲೆ, ಬ್ಯಾಟರಿಯನ್ನು ಉಳಿದೆಲ್ಲಕ್ಕಿಂತ ಮೊದಲು ಪರೀಕ್ಷಿಸಬೇಕು. ಎಂಜಿನ್ ನಿಧಾನವಾಗಿ ತಿರುಗಿದಷ್ಟೂ ಒತ್ತಿದ ಗಾಳಿ ಪಿಸ್ಟನ್ ರಿಂಗುಗಳ ಪಕ್ಕದಿಂದ ಸೋರಿ, ಅದರ ಬಿಸಿಯನ್ನು ತಣ್ಣನೆಯ ಲೋಹ ಹೀರಿಕೊಳ್ಳುತ್ತದೆ. 12 ವೋಲ್ಟಿನ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಸ್ಟಾರ್ಟರ್ ತಿರುಗುವಾಗ 9.6ಕ್ಕಿಂತ ಕೆಳಗಿಳಿಯಬಾರದು. ಬ್ಯಾಟರಿ ಸರಿಯಿದ್ದೂ ಎಂಜಿನ್ ನಿಧಾನವಾಗಿ ತಿರುಗಿದರೆ ಅರ್ತ್ ಕೇಬಲ್ಲಿನ ಎರಡೂ ತುದಿಗಳನ್ನು ಬಿಚ್ಚಿ, ಉಜ್ಜಿ, ಬಿಗಿಗೊಳಿಸಬೇಕು.

ತಣ್ಣನೆಯ ಸಿಲಿಂಡರನ್ನು ವಿದ್ಯುತ್ತಿನಿಂದ ಬಿಸಿಮಾಡುವ ಗ್ಲೋ ಪ್ಲಗ್‌ಗಳಿರುವ ಎಂಜಿನ್ನುಗಳಲ್ಲಿ ಅನುಮಾನ ಹೆಚ್ಚಾಗಿ ಬೀಳಬೇಕಾದುದು ಅವುಗಳ ಮೇಲೆಯೇ. ಡ್ಯಾಶ್‌ಬೋರ್ಡಿನ ಗ್ಲೋ ದೀಪ ಸರಿಯಾಗಿ ಉರಿದು ಆರಿತೆಂದು ಪ್ಲಗ್‌ಗಳು ಸರಿಯಿವೆಯೆಂದು ತಿಳಿಯಬಾರದು. ಎಷ್ಟೋ ಹಳೆಯ ವಾಹನಗಳಲ್ಲಿ ಆ ದೀಪ ಟೈಮರಿನ ಕೆಲಸವನ್ನಷ್ಟೇ ಹೇಳುತ್ತದೆ. ಪ್ಲಗ್‌ಗಳನ್ನು ಒಟ್ಟಿಗೆ ಜೋಡಿಸುವ ಪಟ್ಟಿಯನ್ನು ತೆಗೆದು, ಪ್ರತಿ ಪ್ಲಗ್ಗಿನ ತುದಿಗೂ ಎಂಜಿನ್ ಬ್ಲಾಕಿಗೂ ನಡುವೆ ಮಲ್ಟಿಮೀಟರ್ ಹಿಡಿದರೆ ಸಾಮಾನ್ಯವಾಗಿ 2 ಓಮ್‌ಗಿಂತ ಕಡಿಮೆ ಬರಬೇಕು. ಮೀಟರಿನ ವೈರುಗಳಿಗೂ ತಮ್ಮದೇ ರೋಧವಿರುವುದರಿಂದ ಅವುಗಳ ಎರಡು ತುದಿಗಳನ್ನು ಮುಟ್ಟಿಸಿದಾಗ ಬರುವ ಅಂಕಿಯನ್ನು ಕಳೆಯಬೇಕು. ಮೀಟರ್ ಏನನ್ನೂ ತೋರಿಸದ ಪ್ಲಗ್ ಸತ್ತಿದೆ. ನಾಲ್ಕರಲ್ಲಿ ಒಂದು ಸತ್ತರೂ ಆ ಸಿಲಿಂಡರ್ ಬಿಸಿಯಾಗುವವರೆಗೆ ಎಂಜಿನ್ ಒಂದೇ ತಾಳದಲ್ಲಿ ಮಿಸ್ಸಿಂಗ್ ಹೊಡೆಯುತ್ತದೆ. ಎಲ್ಲವೂ ಸರಿಯಿದ್ದರೆ ಪಟ್ಟಿಯನ್ನು ಮರಳಿ ಜೋಡಿಸಿ, ಕೀ ತಿರುಗಿಸಿದಾಗ ಅಲ್ಲಿಗೆ ವಿದ್ಯುತ್ ಬರುತ್ತಿದೆಯೇ ಎಂದು ನೋಡಬೇಕು. ಬಾರದಿದ್ದರೆ ರಿಲೇ ಅಥವಾ ಅದರ ಫ್ಯೂಸ್ ಹೋಗಿರುತ್ತದೆ. ಹಳೆಯ ಪ್ಲಗ್ಗನ್ನು ಬಲವಂತವಾಗಿ ಬಿಚ್ಚಬಾರದು. ಅದು ಹೆಡ್ಡಿನೊಳಗೆ ಮುರಿದರೆ ಸಣ್ಣ ಕೆಲಸ ದೊಡ್ಡದಾಗುತ್ತದೆ.

ಬಹಳ ಹೊತ್ತು ತಿರುಗಿಸಿದ ಮೇಲೆ ಸ್ಟಾರ್ಟ್ ಆಗಿ, ಹಲವು ಸೆಕೆಂಡು ತಡವರಿಸಿ ಆಮೇಲೆ ನಯವಾಗುವ ಎಂಜಿನ್ನಿನಲ್ಲಿ ಡೀಸೆಲ್ ರಾತ್ರಿಯಲ್ಲಿ ಟ್ಯಾಂಕಿಗೆ ಹಿಂದಿರುಗಿ ಪೈಪಿನಲ್ಲಿ ಗಾಳಿ ಸೇರಿರುವ ಸಾಧ್ಯತೆಯಿದೆ. ಇಂಥ ಸೋರಿಕೆಯಲ್ಲಿ ನೆಲದ ಮೇಲೆ ಒಂದು ಹನಿಯೂ ಕಾಣದಿರಬಹುದು, ಏಕೆಂದರೆ ಪಂಪ್ ಎಳೆದುಕೊಳ್ಳುವ ಭಾಗದಲ್ಲಿ ಡೀಸೆಲ್ ಹೊರಬರುವ ಬದಲು ಗಾಳಿ ಒಳಹೋಗುತ್ತದೆ. ಪಂಪಿಗೆ ಹೋಗುವ ಪೈಪಿನ ಒಂದು ತುಂಡಿನ ಬದಲು ಡೀಸೆಲ್ ತಡೆಯುವ ಪಾರದರ್ಶಕ ಪೈಪ್ ಹಾಕಿದರೆ ಗುಳ್ಳೆಗಳು ಕಾಣುತ್ತವೆ. ಇನ್ನೂ ಸುಲಭದ ದಾರಿಯೆಂದರೆ, ಒಂದು ರಾತ್ರಿ ವಾಹನವನ್ನು ಮೂತಿ ಇಳಿಜಾರಿನ ಕಡೆಗಿರುವಂತೆ, ಚಕ್ರಗಳಿಗೆ ಅಡ್ಡ ಕೊಟ್ಟು ನಿಲ್ಲಿಸುವುದು. ಮುಂದೆ ಎಂಜಿನ್, ಹಿಂದೆ ಟ್ಯಾಂಕ್ ಇರುವ ವಾಹನ ಮರುದಿನ ಸಲೀಸಾಗಿ ಸ್ಟಾರ್ಟ್ ಆದರೆ ಅನುಮಾನ ಬಹುಮಟ್ಟಿಗೆ ನಿಜವಾಗುತ್ತದೆ. ಫಿಲ್ಟರಿನ ಸೀಲ್, ಹ್ಯಾಂಡ್ ಪ್ರೈಮರ್ (ಕೈಯಿಂದ ಒತ್ತಿ ಡೀಸೆಲ್ ತುಂಬುವ ಪಂಪ್), ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳ ರಿಟರ್ನ್ ಪೈಪುಗಳು, ಇವೇ ಸಾಮಾನ್ಯವಾಗಿ ಗಾಳಿಯನ್ನು ಒಳಬಿಡುವ ಜಾಗಗಳು.

ಇವೆಲ್ಲ ಸರಿಯಿದ್ದರೆ ಇಂಜೆಕ್ಟರುಗಳನ್ನು ಬಿಚ್ಚಿಸಿ ಟೆಸ್ಟರಿನಲ್ಲಿ ನೋಡಿಸಬೇಕು. ಹನಿ ಹನಿಯಾಗಿ ಸುರಿಸುವ ನಾಝಲ್ ತಣ್ಣಗಿರುವಾಗಲೇ ಹೆಚ್ಚು ತೊಂದರೆ ಕೊಡುತ್ತದೆ. ಸ್ಪ್ರೇಯನ್ನು ಕೈಯಿಂದ ಮುಟ್ಟಲೇಬಾರದು, ಆ ಒತ್ತಡಕ್ಕೆ ಡೀಸೆಲ್ ಚರ್ಮವನ್ನು ತೂರಿ ಒಳಸೇರುತ್ತದೆ. ಪಂಪಿನ ಟೈಮಿಂಗ್, ಅಂದರೆ ಡೀಸೆಲ್ ಚಿಮ್ಮುವ ಗಳಿಗೆ, ತಡವಾಗಿದ್ದರೂ ಬಿಳಿ ಹೊಗೆ ಬರುವುದುಂಟು, ಟೈಮಿಂಗ್ ಬೆಲ್ಟ್ ಅಥವಾ ಪಂಪ್ ಬದಲಾಯಿಸಿದ ನಂತರ ತೊಂದರೆ ಶುರುವಾಗಿದ್ದರೆ ವಿಶೇಷವಾಗಿ.

ಕಂಪ್ರೆಷನ್ ಪರೀಕ್ಷೆ, ಅಂದರೆ ಸಿಲಿಂಡರಿನಲ್ಲಿ ಒತ್ತಿದ ಗಾಳಿಯ ಒತ್ತಡವನ್ನು ಅಳೆಯುವುದು, ಕೊನೆಯದು. ಡೀಸೆಲ್‌ಗೆಂದೇ ಮಾಡಿದ ಗೇಜನ್ನು ಗ್ಲೋ ಪ್ಲಗ್ ಅಥವಾ ಇಂಜೆಕ್ಟರಿನ ರಂಧ್ರಕ್ಕೆ ಕೂರಿಸಿ, ಡೀಸೆಲ್ ಬರದಂತೆ ನಿಲ್ಲಿಸಿ, ಪೂರ್ತಿ ಚಾರ್ಜ್ ಆದ ಬ್ಯಾಟರಿಯಿಂದ ತಿರುಗಿಸಬೇಕು. ಕನಿಷ್ಠ ಅಂಕಿ ಆಯಾ ಎಂಜಿನ್ನಿನ ಕೈಪಿಡಿಯಲ್ಲಿರುತ್ತದೆ. ಒಂದು ಸಿಲಿಂಡರ್ ಉಳಿದವುಗಳಿಗಿಂತ ಎಷ್ಟು ಹಿಂದಿದೆ ಎಂಬುದು ಅದಕ್ಕಿಂತಲೂ ಹೆಚ್ಚು ಹೇಳುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಮಾಡುವಂತೆ ಸಿಲಿಂಡರಿಗೆ ಎಣ್ಣೆ ಸುರಿದು ಮತ್ತೆ ಅಳೆಯುವ ಉಪಾಯ ಇಲ್ಲಿ ನಂಬಲರ್ಹವಲ್ಲ: ಪಿಸ್ಟನ್ ಮೇಲಿನ ಜಾಗ ಅಷ್ಟು ಚಿಕ್ಕದಿರುವುದರಿಂದ ಎಣ್ಣೆಯೇ ಅಂಕಿಯನ್ನು ಏರಿಸಿಬಿಡುತ್ತದೆ. ಕಂಪ್ರೆಷನ್ ಕಡಿಮೆ ಬಂದರೂ ಹೆಡ್ ಬಿಚ್ಚುವ ಮುನ್ನ ವಾಲ್ವ್ ಕ್ಲಿಯರೆನ್ಸ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು) ಅಳೆದು ಸರಿಪಡಿಸಿ, ಮರುದಿನ ಬೆಳಿಗ್ಗೆ ಇನ್ನೊಮ್ಮೆ ಸ್ಟಾರ್ಟ್ ಮಾಡಿ ನೋಡಬೇಕು.