ಬೆಲೆ ಏರಿಕೆಯ ಅಹವಾಲನ್ನು ಶಾಸಕರಿಗೆ ಮುಟ್ಟಿಸುವ ಬಗೆ

ಅಹವಾಲು ಯಾರ ಅಧಿಕಾರಕ್ಕೆ ಸೇರಿದ್ದೆಂಬುದನ್ನು ಮೊದಲು ಗುರುತಿಸಿಕೊಳ್ಳಬೇಕು: ಅಡುಗೆ ಅನಿಲದ ದರವಾದರೆ ಸಂಸದರಿಗೆ, ಬಸ್ ಸಂಚಾರ, ಪಡಿತರ ವಿತರಣೆಯ ಸಂಗತಿಯಾದರೆ ಶಾಸಕರಿಗೆ ಬರೆಯುವುದು ಸರಿ. ‘ಬದುಕು ದುಬಾರಿಯಾಗಿದೆ’ ಎಂಬ ಒಂದೇ ಸಾಲಿನ ಮನವಿ ಕಡತದಲ್ಲೇ ಉಳಿಯುತ್ತದೆ. ಬದಲಿಗೆ ನಿರ್ದಿಷ್ಟ ತೊಂದರೆಯನ್ನೇ ಬರೆಯಿರಿ; ಉದಾಹರಣೆಗೆ, ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ರಂದೇ ಜಾರಿಗೆ ಬಂದಿದ್ದರೂ, ತೀರ್ಥಹಳ್ಳಿ ಸೀಮೆಯಲ್ಲಿ ಖಾಸಗಿ ಬಸ್ಸನ್ನಷ್ಟೇ ಕಾಣುವ ಊರಿನಿಂದ ಅಡಿಕೆ ಸುಲಿಯಲು ಹೋಗುವ ಹೆಂಗಸು ಕೂಲಿಯಲ್ಲೇ ಟಿಕೆಟ್ ಕೊಳ್ಳಬೇಕಾಗುತ್ತದೆ ಎಂಬುದನ್ನು, ಒಂದು ವಾರದ ಟಿಕೆಟ್‌ಗಳ ಪ್ರತಿ ಲಗತ್ತಿಸಿ ವಿವರಿಸಿರಿ. (ಮಲೆನಾಡಿಗೆ ಈ ಗೋಳು ಹೊಸದೇನಲ್ಲ.) ಅಧಿವೇಶನಕ್ಕೆ ಸಾಕಷ್ಟು ಮುಂಚೆಯೇ ಮನವಿ ತಲುಪಿದರೆ ಶಾಸಕರು ಅದನ್ನು ಚುಕ್ಕೆ ಗುರುತಿನ ಪ್ರಶ್ನೆಯಾಗಿ ಕೇಳಬಹುದು; ಅಂಥ ಪ್ರಶ್ನೆಗೆ ಸಚಿವರು ಸದನದಲ್ಲಿ ಮೌಖಿಕವಾಗಿ ಉತ್ತರಿಸುತ್ತಾರೆ, ಚುಕ್ಕೆಯಿಲ್ಲದ್ದಕ್ಕೆ ಲಿಖಿತ ಉತ್ತರವಷ್ಟೇ. ಮನವಿಯ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಹಿಂದಿರುಗಿ.